ಪ್ರೊಸ್ಟೇಟ್ ಬಯಾಪ್ಸಿ, ಮಂಗಳೂರು: ಸೂಜಿಗೆ ಐದು ಸ್ಟಾರ್, ಮಾತಿಗೆ ಎರಡು

ಪ್ರೊಸ್ಟೇಟ್ ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗೆ ಇರುವ ಗ್ರಂಥಿ. ಅದರಿಂದ ಸೂಜಿಯಲ್ಲಿ ಚೂರು ಮಾಂಸ ತೆಗೆದು ಕ್ಯಾನ್ಸರ್ ಉಂಟಾ ಎಂದು ನೋಡುವುದೇ ಈ ಬಯಾಪ್ಸಿ. ನಾನು ಮಾಡಿಸಿಕೊಂಡ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಮಂಗಳೂರಿನದ್ದು, ಖಾಸಗಿ, ದೊಡ್ಡದು. ಅಷ್ಟು ಸಾಕು. ಇಲ್ಲಿ ಬರೆದದ್ದರಲ್ಲಿ ಹೆಚ್ಚಿನದ್ದು ನೀವು ಮಂಗಳೂರು, ಉಡುಪಿ, ಮಣಿಪಾಲ ಎಲ್ಲಿಗೆ ಹೋದರೂ ಬಾಯಿಬಿಟ್ಟು ಕೇಳಿ ತಿಳಿದುಕೊಳ್ಳಬೇಕಾದದ್ದೇ.

ನನಗೆ 63. ಉಡುಪಿಯಲ್ಲಿ ನೈಟ್ ಬಸ್ಸಿನ ಟಿಕೆಟ್ ಬುಕಿಂಗ್ ಮತ್ತು ಪಾರ್ಸೆಲ್ ಆಫೀಸು ಇಟ್ಟುಕೊಂಡಿದ್ದೇನೆ. ಬಸ್ ಒಂದು ಗಂಟೆ ಲೇಟಾದರೂ ಜನ ಸುಧಾರಿಸಿಕೊಳ್ಳುತ್ತಾರೆ. ಲೇಟ್ ಅಂತ ಫೋನ್ ಮಾಡಿ ಹೇಳದಿದ್ದರೆ ಮಾತ್ರ ಆಫೀಸಿಗೇ ಬಂದು ಬೈಯುತ್ತಾರೆ. ನಾನು ಯಾವ ಸರ್ವಿಸನ್ನು ಅಳೆಯುವುದೂ ಅದೇ ಲೆಕ್ಕದಲ್ಲಿ.

ನನ್ನದು ಶುರುವಾದದ್ದು ಶುಗರ್ ಪರೀಕ್ಷೆಗೆ ಹೋದಾಗ. ನಮ್ಮ ಫ್ಯಾಮಿಲಿ ಡಾಕ್ಟರು "ರಾತ್ರಿ ಮೂತ್ರಕ್ಕೆ ಎಷ್ಟು ಸಲ ಏಳ್ತೀರಿ?" ಎಂದು ಕೇಳಿ, ಅದೇ ರಕ್ತದಲ್ಲಿ ಪಿಎಸ್‌ಎ ಕೂಡ ನೋಡಲಿಕ್ಕೆ ಬರೆದರು. ಅದು ಪ್ರೊಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನಿನ ಅಳತೆ. 7.8 ಬಂತು. ಸಾಮಾನ್ಯವಾಗಿ 4ರ ಒಳಗೆ ಇರಬೇಕು ಅಂತಾರೆ. ಮನೆಯಲ್ಲಿ ಎಲ್ಲರಿಗೂ ಮಂಡೆಬಿಸಿ. ಆದರೆ ಪಿಎಸ್‌ಎ ಜಾಸ್ತಿ ಅಂದ ಕೂಡಲೇ ಕ್ಯಾನ್ಸರ್ ಅಂತ ಅಲ್ಲ. ವಯಸ್ಸಿಗೆ ತಕ್ಕಂತೆ ಗ್ರಂಥಿ ದೊಡ್ಡದಾದರೂ ಏರುತ್ತದೆ, ಮೂತ್ರದಲ್ಲಿ ಇನ್‌ಫೆಕ್ಷನ್ ಇದ್ದರೂ ಏರುತ್ತದೆ. ಹಾಗಾಗಿ ಯುರಾಲಜಿ ಡಾಕ್ಟರು ಮೊದಲು ಮೂತ್ರದ ಕಲ್ಚರ್ ಮಾಡಿಸಿ, ಕೆಲವು ವಾರ ಬಿಟ್ಟು ಪಿಎಸ್‌ಎ ಮತ್ತೊಮ್ಮೆ ನೋಡಿದರು. ಇಳಿಯಲಿಲ್ಲ. ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಒಂದೇ ಚೀಟಿ ಹಿಡಿದುಕೊಂಡು ಸೂಜಿ ಎತ್ತಲಿಲ್ಲ.

ಇನ್ನೊಂದು ಸಂಗತಿ ಅವರು ಕೇಳಿದ್ದು ಒಳ್ಳೆಯದಾಯಿತು: "ಪ್ರೊಸ್ಟೇಟಿಗೆ ಮಾತ್ರೆ ಏನಾದರೂ ತೆಗೆದುಕೊಳ್ತಾ ಇದ್ದೀರಾ?" ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಎಂಬ ಮಾತ್ರೆ ತಿಂಗಳುಗಟ್ಟಲೆ ನುಂಗುವವರಿಗೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದಂತೆ. ಅಂಥವರ ಚೀಟಿಯಲ್ಲಿ 3 ಅಂತ ಇದ್ದರೆ ಅದನ್ನು 6 ಅಂತ ಓದಬೇಕು. ನೀವು ಆ ಮಾತ್ರೆ ತಿನ್ನುವವರಾದರೆ ಡಾಕ್ಟರು ಕೇಳದಿದ್ದರೂ ನೀವಾಗಿ ಹೇಳಿ.

ಗುದದೊಳಗೆ ಬೆರಳು ಹಾಕಿ ಗ್ರಂಥಿಯನ್ನು ಮುಟ್ಟಿ ನೋಡುವ ಪರೀಕ್ಷೆ ಅರ್ಧ ನಿಮಿಷದ್ದು, ನಾಚಿಕೆ ಬಿಟ್ಟರೆ ಬೇರೇನೂ ಇಲ್ಲ. ಎಂಆರ್‌ಐ ಬಗ್ಗೆಯೂ ಜಾಸ್ತಿ ಹೇಳುವುದಿಲ್ಲ. ಸದ್ದು, ಚಳಿ, ಅಲ್ಲಾಡಬೇಡಿ ಅಂತ ಸ್ಪೀಕರಿನಲ್ಲಿ ಒಂದು ಧ್ವನಿ. ಆದರೆ ಬಯಾಪ್ಸಿಗೆ ಮೊದಲೇ ಎಂಆರ್‌ಐ ಆಗುವುದು ಮುಖ್ಯ. ಮೊದಲು ಚುಚ್ಚಿಬಿಟ್ಟರೆ ಒಳಗೆ ರಕ್ತ ನಿಂತು ಚಿತ್ರ ಸರಿಯಾಗಿ ಬರುವುದಿಲ್ಲ. ಮತ್ತೆ, ಚಿತ್ರದಲ್ಲಿ ಸಂಶಯದ ಜಾಗ ಕಂಡರೆ ಸೂಜಿಯನ್ನು ಅಲ್ಲಿಗೇ ಗುರಿ ಇಡಬಹುದು. ಅದಕ್ಕೆ 1ರಿಂದ 5ರ ತನಕ ಅಂಕ ಕೊಡುತ್ತಾರೆ, ಪೈರ್ಯಾಡ್ಸ್ ಅಂತ. 1, 2 ಆದರೆ ಹೆಚ್ಚಾಗಿ ತೊಂದರೆ ಇಲ್ಲ, 3 ಅಂದರೆ ಹೌದೋ ಅಲ್ಲವೋ ಎಂಬ ಸ್ಥಿತಿ, 4, 5 ಆದರೆ ಚುಚ್ಚಿ ನೋಡಲೇಬೇಕು. ನನ್ನದು 4. ಎಡಗಡೆ, ಹೊರ ಅಂಚಿನಲ್ಲಿ.

ಇಲ್ಲಿಂದ ಮುಂದೆ ನನ್ನ ತಕರಾರು ಶುರು.

ಈ ಬಯಾಪ್ಸಿಗೆ ಎರಡು ದಾರಿ ಉಂಟು. ಒಂದು, ಗುದದ್ವಾರದಿಂದ ಅಲ್ಟ್ರಾಸೌಂಡ್ ಕೊಳವೆ ಹಾಕಿ, ಗುದನಾಳದ ಗೋಡೆಯ ಮೂಲಕವೇ ಸೂಜಿ ಚುಚ್ಚುವುದು. ಇನ್ನೊಂದರಲ್ಲೂ ಕೊಳವೆ ಅಲ್ಲೇ, ಆದರೆ ಸೂಜಿ ಹೋಗುವುದು ವೃಷಣಕ್ಕೂ ಗುದಕ್ಕೂ ನಡುವಿನ ಚರ್ಮದಿಂದ. ಮೊದಲನೆಯದರಲ್ಲಿ ಸೂಜಿ ಮಲದ ಜಾಗ ದಾಟಿ ಹೋಗುವುದರಿಂದ ಇನ್‌ಫೆಕ್ಷನ್ ಭಯ ಜಾಸ್ತಿ. ಎರಡನೆಯದರಲ್ಲಿ ಕಡಿಮೆ. ಯುರೋಪಿನ ಯುರಾಲಜಿ ಡಾಕ್ಟರುಗಳ ಸಂಘ ಈಗ ಚರ್ಮದ ದಾರಿಯನ್ನೇ ಮೊದಲ ಆಯ್ಕೆ ಅಂತ ಹೇಳುತ್ತದೆ. ನಮ್ಮ ಡಾಕ್ಟರು ಇದ್ಯಾವುದನ್ನೂ ತಾವಾಗಿ ಹೇಳಲಿಲ್ಲ. ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ "ಅಪ್ಪ, ಯಾವ ದಾರಿಯಿಂದ ಮಾಡ್ತಾರೆ ಅಂತ ಕೇಳಿ" ಅಂದದ್ದಕ್ಕೆ ಕೇಳಿದೆ. ಕೇಳಿದ ಮೇಲೆ ಚೆನ್ನಾಗಿಯೇ ವಿವರಿಸಿದರು. ಚರ್ಮದ ದಾರಿಯನ್ನು ಅವರು ಮಾಡುವುದು ಬೆನ್ನಿಗೆ ಅರಿವಳಿಕೆ ಕೊಟ್ಟು, ಆಪರೇಷನ್ ಥಿಯೇಟರಿನಲ್ಲಿ, ಖರ್ಚು ಜಾಸ್ತಿ. ಗುದದ ದಾರಿಯಾದರೆ ಜಾಗಕ್ಕೆ ಮಾತ್ರ ಇಂಜೆಕ್ಷನ್, ಅದೇ ದಿನ ಮನೆಗೆ. ಇನ್‌ಫೆಕ್ಷನ್ ತಡೆಯಲಿಕ್ಕೆ ಮೊದಲೇ ಗುದದೊಳಗಿಂದ ಹತ್ತಿಕಡ್ಡಿಯಲ್ಲಿ ಸ್ಯಾಂಪಲ್ (ಸ್ವಾಬ್) ತೆಗೆದು, ನನ್ನೊಳಗಿನ ಬ್ಯಾಕ್ಟೀರಿಯಾಕ್ಕೆ ಯಾವ ಆಂಟಿಬಯಾಟಿಕ್ ನಾಟುತ್ತದೆ ಎಂದು ನೋಡುತ್ತೇವೆ ಅಂದರು. ನಾನು ಗುದದ ದಾರಿಗೇ ಒಪ್ಪಿದೆ. ನಮ್ಮ ದೇಶದಲ್ಲಿ ಸಿಪ್ರೋಫ್ಲಾಕ್ಸಸಿನ್‌ನಂಥ ಮಾತ್ರೆಗಳನ್ನು ನೆಗಡಿಗೂ ಭೇದಿಗೂ ನುಂಗಿ ನುಂಗಿ ಅದು ಎಷ್ಟೋ ಜನರಿಗೆ ಈಗ ಕೆಲಸವೇ ಮಾಡುವುದಿಲ್ಲ. ನನಗೂ ಹಾಗೇ ಆಯಿತು. ಸ್ವಾಬಿನ ರಿಪೋರ್ಟ್ ನೋಡಿ ಬೇರೆ ಔಷಧಿ ಬರೆದರು. ಎಲ್ಲಾ ಕಡೆ ಈ ಸ್ವಾಬ್ ಮಾಡುವುದಿಲ್ಲವಂತೆ. ಮಾಡ್ತೀರಾ ಅಂತ ಕೇಳಿ, ಕೇಳಿದರೆ ನಷ್ಟ ಏನೂ ಇಲ್ಲವಲ್ಲ.

ರಕ್ತ ತೆಳು ಮಾಡುವ ಮಾತ್ರೆಯ ವಿಷಯ ನನ್ನ ಷಡ್ಡಕನ ಪರವಾಗಿ ಕೇಳಿದೆ. ಅವನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ಅವನ ಪಿಎಸ್‌ಎ ಕೂಡ ಮೇಲೆ ಕೆಳಗೆ ಆಗುತ್ತಾ ಇದೆ. ಡಾಕ್ಟರು ಹೇಳಿದ್ದು: ಸಣ್ಣ ಡೋಸಿನ ಆಸ್ಪಿರಿನ್ ಆದರೆ ಹೆಚ್ಚಾಗಿ ನಿಲ್ಲಿಸಬೇಕಾಗಿಲ್ಲ, ಕ್ಲೊಪಿಡೋಗ್ರೆಲ್, ವಾರ್ಫರಿನ್ ಆದರೆ ಹಾರ್ಟಿನ ಡಾಕ್ಟರ ಹತ್ತಿರ ಮಾತಾಡಿಯೇ ನಿರ್ಧಾರ. ಯಾರೋ ಹೇಳಿದರು ಅಂತ ಮನೆಯಲ್ಲಿ ಕೂತು ನಿಲ್ಲಿಸಲಿಕ್ಕಿಲ್ಲ.

ಹಿಂದಿನ ದಿನ ಆಸ್ಪತ್ರೆಯಿಂದ ಫೋನ್ ಬಂತು. "ಖಾಲಿ ಹೊಟ್ಟೆಯಲ್ಲಿ ಬನ್ನಿ." ಕೈಯಲ್ಲಿದ್ದ ಇಂಗ್ಲಿಷ್ ಹಾಳೆಯಲ್ಲಿ ಲಘು ಉಪಾಹಾರ ಮಾಡಬಹುದು ಎಂದು ಬರೆದಿತ್ತು. ಶುಗರ್ ಇರುವವನು ನಾನು, ಯಾವುದನ್ನು ನಂಬುವುದು? ಬಿಜೈಯಲ್ಲಿ ಷಡ್ಡಕನ ಮನೆಯಲ್ಲಿ ರಾತ್ರಿ ಉಳಿದು, ಬೆಳಗ್ಗೆ ನೀರು ಮಾತ್ರ ಕುಡಿದು ಹೋದೆ. ವಾರ್ಡಿನ ಸಿಸ್ಟರ್ ನೋಡಿ, "ಯಾರು ಹೇಳಿದ್ದು ಖಾಲಿ ಹೊಟ್ಟೆ ಅಂತ? ಇದಕ್ಕೆ ಬೇಡ ಅಂಕಲ್, ಹೋಗಿ ಎರಡು ಇಡ್ಲಿ ತಿಂದು ಬನ್ನಿ" ಎಂದು ಓಡಿಸಿದರು. ಫೋನ್ ಮಾಡಿದವರಿಗೆ ಎಲ್ಲಾ ಬಯಾಪ್ಸಿಯೂ ಒಂದೇ.

ಎಂಟಕ್ಕೆ ಬರಲು ಹೇಳಿದ್ದರು. ಒಳಗೆ ಕರೆದದ್ದು ಹನ್ನೆರಡರ ಹತ್ತಿರ. ನಡುವೆ ಯಾರೂ ಏನೂ ಹೇಳಲಿಲ್ಲ. ಕೊನೆಗೆ ನಾನೇ ವಾರ್ಡ್ ಬಾಯ್ ಹತ್ತಿರ ಕೇಳಿದಾಗ ಗೊತ್ತಾಯಿತು, ಕಿಡ್ನಿಯಲ್ಲಿ ಕಲ್ಲಿನ ಎಮರ್ಜೆನ್ಸಿ ಬಂದು ಡಾಕ್ಟರು ಅಲ್ಲಿಗೆ ಹೋಗಿದ್ದಾರಂತೆ. ಸರಿ, ಎಮರ್ಜೆನ್ಸಿಯೇ ಮೊದಲು, ನ್ಯಾಯವಾದದ್ದೇ. ಆದರೆ ಅದನ್ನು ಒಬ್ಬರು ಬಂದು ಹೇಳಲಿಕ್ಕೆ ಎಷ್ಟು ಹೊತ್ತು ಬೇಕು ಮಾರಾಯ್ರೆ?

ಆ ಹೊತ್ತಿನಲ್ಲಿ ಪಕ್ಕದ ಮಂಚದ ಹಿರಿಯರ ಪರಿಚಯ ಆಯಿತು. ಬೆಳ್ತಂಗಡಿ ಕಡೆಯವರು, ಅಡಿಕೆ ತೋಟ, ಎಪ್ಪತ್ತು ದಾಟಿದೆ. ಅವರದ್ದೂ ಇದೇ ಬಯಾಪ್ಸಿ. ಒಪ್ಪಿಗೆಯ ಫಾರ್ಮ್ ಬಂತು, ಹಾಳೆ ತುಂಬಾ ಇಂಗ್ಲಿಷ್. "ಇಲ್ಲಿ ಸೈನ್ ಮಾಡಿ ಅಜ್ಜ" ಎಂದು ಹುಡುಗಿ ಪೆನ್ನು ಕೊಟ್ಟಳು. ಅವರು ನನ್ನ ಮುಖ ನೋಡಿದರು. ನನಗೆ ಗೊತ್ತಿದ್ದಷ್ಟು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದೆ: ರಕ್ತ ಹೋಗಬಹುದು, ಜ್ವರ ಬರಬಹುದು, ಮೂತ್ರ ಕಟ್ಟಬಹುದು, ಕ್ಯಾನ್ಸರ್ ಇದ್ದೂ ಸೂಜಿಗೆ ಸಿಗದೆ ತಪ್ಪಿಹೋಗಬಹುದು. ಎಲ್ಲಾ ಕೇಳಿಸಿಕೊಂಡು, ಅವರು ಸ್ವರ ತಗ್ಗಿಸಿ ಕೇಳಿದ್ದು ಬೇರೆಯೇ. "ಅಲ್ಲ ಸ್ವಾಮಿ, ಒಳಗೆ ಕ್ಯಾನ್ಸರ್ ಇದ್ರೆ ಸೂಜಿ ತಾಗಿದ ಕೂಡ್ಲೇ ಹರಡ್ತದಂತೆ. ಹೌದಾ?" ನಮ್ಮ ಊರಲ್ಲಿ ಈ ಮಾತು ಕೇಳದವರು ಇಲ್ಲ. ಇದಕ್ಕೆ ಹೆದರಿ ಬಯಾಪ್ಸಿಯೇ ಬೇಡ ಅಂದವರನ್ನೂ ನೋಡಿದ್ದೇನೆ. ಡಾಕ್ಟರು ಬಂದಾಗ ನಾನೇ ಕೇಳಿದೆ. ಪ್ರೊಸ್ಟೇಟಿನಲ್ಲಿ ಹಾಗೆ ಆಗುವುದು ತುಂಬಾ ತುಂಬಾ ಅಪರೂಪ, ಅದಕ್ಕೆ ಹೆದರಿ ಪರೀಕ್ಷೆ ಬಿಟ್ಟರೆ ಆಗುವ ನಷ್ಟವೇ ದೊಡ್ಡದು ಅಂದರು. ಅಜ್ಜ ಸೈನ್ ಮಾಡಿದರು. ಕನ್ನಡದಲ್ಲಿ ಒಂದು ಹಾಳೆ ಪ್ರಿಂಟ್ ಮಾಡಿಡಲಿಕ್ಕೆ ಇಷ್ಟು ದೊಡ್ಡ ಆಸ್ಪತ್ರೆಗೆ ಎಂತ ಕಷ್ಟ ಅಂತ ನನಗೆ ಈಗಲೂ ಅರ್ಥ ಆಗಿಲ್ಲ.

ಇನ್ನು ಸೂಜಿಯ ಸಂಗತಿ. ಎಲ್ಲರೂ ಕೇಳುವುದು ಇದನ್ನೇ, ಆದ್ದರಿಂದ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಮೊದಲು ಎನಿಮಾ. ಆಮೇಲೆ ಹಿಂದೆ ಲಾಡಿ ಕಟ್ಟುವ ಗೌನ್. ಸಣ್ಣ ರೂಮು, ಎಸಿ ಜೋರು. ಎಡಮಗ್ಗುಲಾಗಿ ಮಲಗಿಸಿ ಮೊಣಕಾಲನ್ನು ಎದೆಯ ಹತ್ತಿರ ಎಳೆದುಕೊಳ್ಳಲು ಹೇಳಿದರು. ಮುಖ ಗೋಡೆಗೆ. ಹಿಂದೆ ಏನಾಗುತ್ತಿದೆ ಅಂತ ಕಾಣುವುದಿಲ್ಲ, ಕಿವಿ ಮಾತ್ರ ಚುರುಕಾಗುತ್ತದೆ. ಮರಗಟ್ಟಿಸುವ ಜೆಲ್ ಹಾಕಿದರು, ಅಯೋಡಿನ್‌ನಿಂದ ಒಳಗೆ ಒರೆಸಿದರು. ಮತ್ತೆ ಕೊಳವೆ. ದಪ್ಪ ಹೆಬ್ಬೆರಳಿನಷ್ಟು. ನೋವಲ್ಲ, ಒತ್ತಡ. ಟಾಯ್ಲೆಟಿಗೆ ಈಗಲೇ ಓಡಬೇಕು ಅನಿಸುತ್ತದೆ, ಆದರೆ ಹೊಟ್ಟೆ ಖಾಲಿಯಾಗಿಯೇ ಇರುತ್ತದೆ. ಬಾಯಿಯಿಂದ ಉಸಿರು ಬಿಡುತ್ತಾ ಕೆಳಗೆ ಸಡಿಲ ಬಿಟ್ಟರೆ ಸುಲಭ. ಬಿಗಿ ಹಿಡಿದಷ್ಟೂ ಕಷ್ಟ ನಮಗೇ.

ಆಮೇಲೆ ಗ್ರಂಥಿಯ ಎರಡೂ ಬದಿಗೆ ಲಿಗ್ನೊಕೇನ್ ಇಂಜೆಕ್ಷನ್. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ಉರಿದದ್ದು ಇದೇ. ಹಲ್ಲು ಕಚ್ಚಿ ಹತ್ತರ ತನಕ ಎಣಿಸುವುದರೊಳಗೆ ಇಳಿಯಿತು. ನಂತರ ಕೆಲವು ನಿಮಿಷ ಸುಮ್ನೆ ಕಾದರು. ಈ ಕಾಯುವಿಕೆ ಮುಖ್ಯ ಅಂತ ಕಾಣುತ್ತದೆ. ಅವಸರದಲ್ಲಿ ಶುರು ಮಾಡಿದರೆ ಮರಗಟ್ಟುವುದು ಯಾವಾಗ?

ಡಾಕ್ಟರು ಆಗ ಒಂದು ಕೆಲಸ ಮಾಡಿದರು, ಅದಕ್ಕೇ ಒಂದು ಸ್ಟಾರ್ ಪ್ರತ್ಯೇಕ ಕೊಡಬೇಕು. "ಈಗ ಒಂದು ಸದ್ದು ಕೇಳಿಸ್ತೇನೆ, ನಿಮಗೆ ತಾಗುವುದಿಲ್ಲ" ಎಂದು ಸೂಜಿಯ ಗನ್ನನ್ನು ಗಾಳಿಯಲ್ಲೇ ಒಮ್ಮೆ ಒತ್ತಿ ತೋರಿಸಿದರು. ಟಕ್! ಸ್ಪ್ರಿಂಗಿನ ಸದ್ದು. ಗೊತ್ತಿಲ್ಲದೆ ಕೇಳಿದ್ದರೆ ಖಂಡಿತ ಹಾರಿಬೀಳುತ್ತಿದ್ದೆ. ಆಮೇಲೆ ಪ್ರತಿ ಸಲವೂ "ಈಗ" ಎಂದು ಹೇಳಿಯೇ ಒತ್ತಿದರು.

ಈಗ, ಟಕ್. ಈಗ, ಟಕ್. ಒಳಗೆ ಯಾರೋ ಬೆರಳಿನಿಂದ ಚಿಮ್ಮಿದ ಅನುಭವ, ಅಷ್ಟೆ. ಒಂದೊಂದು ಸಲಕ್ಕೂ ಬರುವುದು ನೂಲಿನಷ್ಟು ಸಪೂರದ ಒಂದು ಎಳೆ ಮಾಂಸ, ಒಂದೂವರೆ ಸೆಂಟಿಮೀಟರ್ ಉದ್ದ ಇರಬಹುದು. ಸಿಸ್ಟರ್ ಅದನ್ನು ಸೂಜಿಯಿಂದ ಬಿಡಿಸಿ ಫಾರ್ಮಲಿನ್ ಬಾಟಲಿಗೆ ಹಾಕುವುದು, ಡಾಕ್ಟರು ಎಡವೋ ಬಲವೋ, ಬುಡವೋ ನಡುವೋ ತುದಿಯೋ ಎಂದು ಹೇಳುವುದು, ಸಿಸ್ಟರ್ ಚೀಟಿ ನೋಡಿ ಅದನ್ನೇ ತಿರುಗಿ ಹೇಳುವುದು. ಒಂದು ಬಾಟಲಿಗೂ ಈ ಕ್ರಮ ತಪ್ಪಲಿಲ್ಲ. ಪಾರ್ಸೆಲಿನವನಾದ ನನಗೆ ಲೇಬಲ್ ಅದಲುಬದಲಾದರೆ ಏನಾಗುತ್ತದೆ ಅಂತ ಗೊತ್ತುಂಟು, ಹಾಗಾಗಿ ಅದನ್ನು ಕೇಳುತ್ತಾ ಮಲಗಿದ್ದೇ ದೊಡ್ಡ ಸಮಾಧಾನ. ಸಾಮಾನ್ಯವಾಗಿ 12 ಎಳೆ ತೆಗೆಯುತ್ತಾರೆ, ಎರಡೂ ಬದಿಯಿಂದ ಆರಾರು. ಅದರ ಮೇಲೆ ಎಂಆರ್‌ಐಯಲ್ಲಿ ಕಂಡ ಜಾಗದಿಂದ ಇನ್ನೂ ಕೆಲವು. ನನ್ನದು ಒಟ್ಟು 14. ತುದಿಯ ಕಡೆ, ಅಂದರೆ ಗ್ರಂಥಿಯ ಕೆಳಭಾಗದಲ್ಲಿ ತೆಗೆಯುವಾಗ ಸ್ವಲ್ಪ ಜಾಸ್ತಿ ನೋವಾಯಿತು. ನಾನು ಮುಖ ಕಿವುಚಿದ್ದನ್ನು ನೋಡಿ ಸಿಸ್ಟರ್ "ಬೇನೆ ಆಪುಂಡಾ?" ಎಂದು ತುಳುವಿನಲ್ಲಿ ಕೇಳಿದರು. ಡಾಕ್ಟರು ಅಲ್ಲಿಗೆ ಇನ್ನೊಂದು ಚೂರು ಇಂಜೆಕ್ಷನ್ ಕೊಟ್ಟು ಮುಂದುವರಿಸಿದರು. ಎಲ್ಲಾ ಸೇರಿ ಕಾಲು ಗಂಟೆಯ ಕೆಲಸ.

ಎಂಆರ್‌ಐ ಚಿತ್ರವನ್ನು ಅಲ್ಟ್ರಾಸೌಂಡಿನ ಮೇಲೆ ಕೂರಿಸಿ ದಾರಿ ತೋರಿಸುವ ಮೆಷಿನ್ ಈಗ ಕೆಲವು ಕಡೆ ಉಂಟು. ಫ್ಯೂಷನ್ ಅನ್ನುತ್ತಾರೆ. ಇಲ್ಲಿ ಅದಿರಲಿಲ್ಲ. ಡಾಕ್ಟರು ಎಂಆರ್‌ಐಯನ್ನು ಪಕ್ಕದ ಕಂಪ್ಯೂಟರಿನಲ್ಲಿ ನೋಡಿಕೊಂಡು, ಕಣ್ಣಳತೆಯಲ್ಲಿ ಗುರಿ ಇಟ್ಟರು. ಕೈ ಪಳಗಿದವರಾದರೆ ಇದೂ ನಡೆಯುತ್ತದೆ ಅಂದರು. ಗ್ರಂಥಿಯೇ ಸಾಮಾನ್ಯವಾಗಿ ಸಿಪ್ಪೆ ಸಮೇತದ ಒಂದು ಅಡಿಕೆಯಷ್ಟು, ಅದರಲ್ಲಿ ಸಣ್ಣ ಕಲೆಯೊಂದನ್ನು ಕಣ್ಣಳತೆಯಲ್ಲಿ ಹಿಡಿಯುವುದು ಸುಲಭದ ಮಾತಲ್ಲ. ಕೊನೆಗೆ ಸಿಕ್ಕಿದ್ದೂ ಅಲ್ಲೇ ಆದ್ದರಿಂದ ಕೈಗುಣವನ್ನು ಒಪ್ಪಬೇಕು.

ಎದ್ದು ಕೂತಾಗ ಕಣ್ಣು ಕತ್ತಲೆ ಬಂತು, ಬೆವರು ಕಿತ್ತುಕೊಂಡು ಬಂತು. ಸಿಸ್ಟರಿಗೆ ಇದು ಹೊಸತಲ್ಲ, ಕೂಡಲೇ ಮತ್ತೆ ಮಲಗಿಸಿದರು. "ಗಡಿಬಿಡಿ ಮಾಡ್ಬೇಡಿ, ಬಸ್ಸು ಹೋಗುವುದಿಲ್ಲ" ಅಂದರು. ನನ್ನ ಕೆಲಸ ಎಂತದ್ದು ಅಂತ ಅವರಿಗೆ ಯಾರು ಹೇಳಿದರೋ! ಚಹಾ, ಬಿಸ್ಕತ್ತು ಕೊಟ್ಟರು. ಆಮೇಲೆ ಒಂದೇ ಷರತ್ತು, ಮೂತ್ರ ಮಾಡಿ ತೋರಿಸಿದರೆ ಮನೆಗೆ ಬಿಡುತ್ತಾರೆ. ಕೆಲವರಿಗೆ ಗ್ರಂಥಿ ಊದಿಕೊಂಡು ಮೂತ್ರ ಕಟ್ಟುತ್ತದೆ, ಆಗ ತಾತ್ಕಾಲಿಕವಾಗಿ ಟ್ಯೂಬ್ ಹಾಕಬೇಕಾಗುತ್ತದೆ. ಬೆಳ್ತಂಗಡಿಯ ಅಜ್ಜನಿಗೆ ಹಾಗೇ ಆಯಿತು. ನನ್ನದು ಸಲೀಸಾಗಿ ಬಂತು, ಬಣ್ಣ ಮಾತ್ರ ಪುನರ್ಪುಳಿ ಶರಬತ್ತಿನದ್ದು.

ಹೊರಡುವ ಮೊದಲು ಸಿಸ್ಟರ್ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು ಹೇಳಿದ ಮಾತನ್ನು ಇಲ್ಲಿ ಅವರ ಬಾಯಲ್ಲೇ ಬರೆಯುತ್ತೇನೆ. "ಅಕ್ಕ, ಜ್ವರ 100.4 ದಾಟಿದ್ರೆ, ಅಥವಾ ನಡುಕ ಬಂದ್ರೆ, ರಾತ್ರಿ ಎರಡು ಗಂಟೆ ಆದ್ರೂ ಸರಿ, ನೇರ ಕ್ಯಾಶುವಾಲ್ಟಿಗೆ ಕರ್ಕೊಂಡು ಬನ್ನಿ. ಡೋಲೋ ಕೊಟ್ಟು ಬೆಳಗ್ಗೆ ನೋಡುವಾ ಅಂತ ಮಲಗ್ಲಿಕ್ಕಿಲ್ಲ. ಮೂತ್ರ ಪೂರ್ತಿ ಕಟ್ಟಿದ್ರೂ ಹಾಗೇ. ರಕ್ತ ಗಡ್ಡೆ ಗಡ್ಡೆಯಾಗಿ ನಿಲ್ಲದೆ ಹೋದ್ರೂ ಹಾಗೇ." ಗಂಡಸರಿಗೆ ಹೇಳಿದರೆ ಪ್ರಯೋಜನ ಇಲ್ಲ ಅಂತ ಅವರಿಗೆ ಅನುಭವದಿಂದ ಗೊತ್ತಿರಬೇಕು. ಗುದದ ದಾರಿಯ ಬಯಾಪ್ಸಿಯಲ್ಲಿ ಕೆಲವರಿಗೆ ಇನ್‌ಫೆಕ್ಷನ್ ರಕ್ತಕ್ಕೇ ಏರುತ್ತದೆ, ಅದು ಆಟದ ಮಾತಲ್ಲ. ಆ ರಾತ್ರಿ ನಾವು ಬಿಜೈಯಲ್ಲೇ ಉಳಿದೆವು. ನಂತೂರು ದಾಟಿ ಹೈವೇಯಲ್ಲಿ ಉಡುಪಿ ತನಕ ಕುಲುಕಾಡಿಕೊಂಡು ಹೋಗುವುದಕ್ಕಿಂತ, ಆಸ್ಪತ್ರೆ ಹತ್ತಿರ ಇರುವುದೇ ವಾಸಿ. ದೂರದವರು ಇದನ್ನೊಂದು ಯೋಚನೆ ಮಾಡಿ.

ಜ್ವರ ಬರಲಿಲ್ಲ. ಮೂತ್ರದ ಬಣ್ಣ ಕೆಲವು ದಿನಗಳಲ್ಲಿ ತಿಳಿಯಾಯಿತು, ನೀರು ಕಡಿಮೆ ಕುಡಿದ ದಿನ ಮತ್ತೆ ಕೆಂಪಾಗುತ್ತಿತ್ತು. ಮಲದಲ್ಲಿಯೂ ಸ್ವಲ್ಪ ರಕ್ತ, ಅದು ಬೇಗ ನಿಂತಿತು. ಸ್ಕೂಟರ್, ಭಾರ ಎತ್ತುವುದು ಕೆಲವು ದಿನ ಬೇಡ ಅಂದಿದ್ದರು. ಪಾರ್ಸೆಲ್ ಎತ್ತುವುದನ್ನು ಆಫೀಸಿನ ಹುಡುಗ ನೋಡಿಕೊಂಡ.

ಇನ್ನೊಂದು ವಿಷಯ ಬರೆಯುವುದೋ ಬೇಡವೋ ಅಂತ ತುಂಬಾ ಯೋಚಿಸಿದೆ. ಬರೆಯುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಲಿಲ್ಲ. ವೀರ್ಯದಲ್ಲಿ ರಕ್ತ ಬರುತ್ತದೆ. ಮೊದಲು ಕೆಂಪು, ಆಮೇಲೆ ತುಕ್ಕಿನ ಬಣ್ಣ, ವಾರಗಟ್ಟಲೆ. ಒಂದೂವರೆ ಎರಡು ತಿಂಗಳ ತನಕವೂ ಇರಬಹುದು. ನೋವಿಲ್ಲ, ಅಪಾಯವಿಲ್ಲ, ತಾನಾಗಿ ಹೋಗುತ್ತದೆ. ಕೆಲವರಿಗೆ ನಿಮಿರುವಿಕೆ ಸ್ವಲ್ಪ ಕಾಲ ಕಡಿಮೆ ಆಗುವುದೂ ಉಂಟು, ಅದೂ ಹೆಚ್ಚಾಗಿ ಸರಿಯಾಗುತ್ತದೆ. ಗೊತ್ತಿದ್ದರೆ ಏನೂ ಅಲ್ಲ. ಗೊತ್ತಿಲ್ಲದೆ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಫೋನ್ ಮಾಡಿದಾಗ ಜೂನಿಯರ್ ಡಾಕ್ಟರು ನಗುತ್ತಾ "ಓ, ಅದು ನಾರ್ಮಲ್ ಅಂಕಲ್" ಅಂದರು. ನಾರ್ಮಲ್ ಆದರೆ ಮೊದಲೇ ಯಾಕೆ ಹೇಳಲಿಲ್ಲ? ಅರುವತ್ತು ದಾಟಿದವನಿಗೆ ಅದೆಲ್ಲ ಎಂತಕ್ಕೆ ಅಂತ ಅವರೇ ತೀರ್ಮಾನ ಮಾಡಿದ ಹಾಗಿತ್ತು. ಮಾತಿಗೆ ಎರಡೇ ಸ್ಟಾರ್ ಕೊಟ್ಟದ್ದಕ್ಕೆ ಇದೇ ದೊಡ್ಡ ಕಾರಣ.

ದುಡ್ಡಿನ ಮಾತು. ಎಸ್ಟಿಮೇಟ್ 12,000 ಅಂತ ಕೊಟ್ಟಿದ್ದರು. ಅದರಲ್ಲಿ ಪೆಥಾಲಜಿ ಇರಲಿಲ್ಲ! ಮಾಂಸ ತೆಗೆದು ಪರೀಕ್ಷೆಯೇ ಮಾಡದಿದ್ದರೆ ತೆಗೆದದ್ದು ಯಾಕೆ? ಸ್ವಾಬ್, ಔಷಧಿ, ಪೆಥಾಲಜಿ ಎಲ್ಲಾ ಸೇರಿ 19,000 ದಾಟಿತು. ಎಂಆರ್‌ಐ ಬೇರೆ. ಇನ್ಶೂರೆನ್ಸ್‌ನವರು ಕೈಯೆತ್ತಿದರು. ಬರೀ ತಪಾಸಣೆಗೆ ದಾಖಲಾದರೆ ಪಾಲಿಸಿಯಲ್ಲಿ ಕೊಡುವುದಿಲ್ಲವಂತೆ, ಚಿಕಿತ್ಸೆಯಾದರೆ ಮಾತ್ರ. ಹೆಚ್ಚಿನ ಪಾಲಿಸಿಗಳಲ್ಲಿ ಈ ಷರತ್ತು ಉಂಟು, ಮೊದಲೇ ಓದಿಕೊಳ್ಳಿ. ಕೈಯಲ್ಲಿ ದುಡ್ಡು ಕಡಿಮೆ ಇರುವವರು ಖಾಸಗಿಗೆ ಬರುವ ಮೊದಲು ಆಯುಷ್ಮಾನ್ ಕಾರ್ಡ್ ಹಿಡಿದುಕೊಂಡು ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ನಲ್ಲಿ ಒಮ್ಮೆ ವಿಚಾರಿಸಿ.

ರಿಪೋರ್ಟ್ ಒಂದು ವಾರದಲ್ಲಿ ಅಂದಿದ್ದರು. ಬರಲಿಲ್ಲ. ಕೇಳಿದರೆ "ಇನ್ನೂ ಆಗಿಲ್ಲ". ಲ್ಯಾಬಿನವರು ಸಂಶಯ ಇರುವ ಒಂದು ಎಳೆಗೆ ಇನ್ನೊಂದು ಬಗೆಯ ಬಣ್ಣದ ಪರೀಕ್ಷೆ ಮಾಡುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ಅದು ಒಳ್ಳೆಯ ಲಕ್ಷಣವೇ, ಅಂದಾಜಿನಲ್ಲಿ ಬರೆದು ಕೊಡಲಿಲ್ಲ ಅಂತ ಅರ್ಥ. ಆ ಒಂದು ಮಾತು ಹೇಳಿದ್ದರೆ ನಾವು ನಿದ್ದೆ ಮಾಡುತ್ತಿದ್ದೆವು. ಕೊನೆಗೆ ಒಂದು ರಾತ್ರಿ ಊಟಕ್ಕೆ ಕೂತಾಗ ವಾಟ್ಸಾಪ್‌ಗೆ ಪಿಡಿಎಫ್ ಬಂದು ಬಿತ್ತು. ಹಿಂದೆ ಮುಂದೆ ಒಂದು ಮಾತಿಲ್ಲ. ಕನ್ನಡಕ ಹಾಕಿಕೊಂಡು ಹೆಂಡತಿಯೇ ಓದಿದಳು: ಅಡಿನೋಕಾರ್ಸಿನೋಮ. ಅಂದರೆ ಕ್ಯಾನ್ಸರ್. ಆಮೇಲೆ ಯಾರೂ ಊಟ ಮಾಡಲಿಲ್ಲ. ಆ ಹೊತ್ತಿಗೆ ಆಸ್ಪತ್ರೆಗೆ ಫೋನ್ ಮಾಡಿದರೆ ಎತ್ತುವವರು ಸೆಕ್ಯುರಿಟಿ. ಇಂಥ ರಿಪೋರ್ಟನ್ನು ಹೀಗೆ ಕಳಿಸಬಾರದು. ನೀವು ಬೇಕಾದರೆ ಮೊದಲೇ ಹೇಳಿಡಿ, ಡಾಕ್ಟರ ಎದುರಿಗೇ ಕೊಡಿ, ಮೊಬೈಲಿಗೆ ಬೇಡ ಅಂತ.

ಮರುದಿನ ಡಾಕ್ಟರು ಕೂರಿಸಿಕೊಂಡು ಮಾತಾಡಿದ್ದು ಮಾತ್ರ ಬೇರೆಯೇ ಲೋಕ. ಹಾಳೆಯಲ್ಲಿ ಗ್ರಂಥಿಯ ಚಿತ್ರ ಬಿಡಿಸಿ, 14ರಲ್ಲಿ 2 ಎಳೆಯಲ್ಲಿ ಮಾತ್ರ ಉಂಟು, ಎರಡೂ ಎಂಆರ್‌ಐ ತೋರಿಸಿದ ಜಾಗದ್ದೇ ಎಂದು ಗುರುತು ಹಾಕಿದರು. ಗ್ಲೀಸನ್ 3+3=6. ಡೊನಾಲ್ಡ್ ಗ್ಲೀಸನ್ ಎಂಬ ಅಮೆರಿಕದ ಪೆಥಾಲಜಿಸ್ಟ್ 1960ರ ದಶಕದಲ್ಲಿ ಮಾಡಿಟ್ಟ ಲೆಕ್ಕ ಅದು. ಜೀವಕೋಶಗಳು ಸೂಕ್ಷ್ಮದರ್ಶಕದಲ್ಲಿ ಎಷ್ಟು ಕೆಟ್ಟು ಕಾಣುತ್ತವೆ ಎಂಬುದಕ್ಕೆ ಅಂಕ. ಈಗ ಬಯಾಪ್ಸಿಯಲ್ಲಿ 6ಕ್ಕಿಂತ ಕೆಳಗೆ ಕೊಡುವುದೇ ಇಲ್ಲ, ಹಾಗಾಗಿ 10ರಲ್ಲಿ 6 ಅಂತ ಹೆದರಬೇಡಿ, ಇದು ಕೆಳಗಿನ ಮೆಟ್ಟಿಲು ಅಂದರು. ಹೊಸ ಲೆಕ್ಕದಲ್ಲಿ ಐದು ಗುಂಪುಗಳಲ್ಲಿ ಒಂದನೆಯದು.

"ಹಾಗಾದ್ರೆ ಆಪರೇಷನ್ ಯಾವಾಗ?" ಎಂದು ಹೆಂಡತಿ ಕೇಳಿದಳು. ಈಗ ಬೇಡ, ಕಣ್ಣಿಟ್ಟು ಕಾಯೋಣ ಅಂದರು. ಅವಳಿಗೆ ಒಪ್ಪಿಗೆಯಾಗಲಿಲ್ಲ. ಕ್ಯಾನ್ಸರ್ ಅಂತ ಗೊತ್ತಾದ ಮೇಲೂ ಸುಮ್ನೆ ಕೂರುವುದಾ? ಆಗ ಅವರು ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದ ಸಂಗತಿ ಹೇಳಿದರು. ಗ್ರಂಥಿಯೊಳಗೇ ಇರುವ ಕ್ಯಾನ್ಸರಿನ 1,643 ಗಂಡಸರನ್ನು ಮೂರು ಗುಂಪು ಮಾಡಿ, ಕೆಲವರಿಗೆ ಆಪರೇಷನ್, ಕೆಲವರಿಗೆ ರೇಡಿಯೇಷನ್, ಕೆಲವರನ್ನು ನಿಗಾ ಇಟ್ಟು ನೋಡುವುದು. 15 ವರ್ಷದ ಲೆಕ್ಕ 2023ರಲ್ಲಿ ಬಂತು. ಮೂರು ಗುಂಪಿನಲ್ಲೂ ಪ್ರೊಸ್ಟೇಟ್ ಕ್ಯಾನ್ಸರಿನಿಂದಲೇ ತೀರಿಹೋದವರು ನೂರಕ್ಕೆ ಸುಮಾರು ಮೂರು ಮಂದಿ. ನಿಗಾದ ಗುಂಪಿನಲ್ಲಿ ರೋಗ ಹರಡಿದವರು ಜಾಸ್ತಿ ಇದ್ದರು ಎಂಬುದನ್ನೂ ಮುಚ್ಚಿಡದೆ ಹೇಳಿದರು. ಆಪರೇಷನ್ ಮಾಡಿಸಿಕೊಂಡವರಿಗೆ ಮೂತ್ರ ಸೋರುವುದು, ನಿಮಿರುವಿಕೆ ಹೋಗುವುದು ಜಾಸ್ತಿ. ಹೆಂಡತಿ ಎರಡೆರಡು ಸಲ ಕೇಳಿದ್ದಕ್ಕೂ ಬೇಸರ ಮಾಡದೆ ಉತ್ತರ ಕೊಟ್ಟರು. ಹೊರಗೆ ಪೇಷಂಟ್‌ಗಳು ಬಾಗಿಲು ಇಣುಕುತ್ತಿದ್ದರೂ ವಾಚ್ ನೋಡಲಿಲ್ಲ.

ಈಗ ನನಗೆ ಆರು ತಿಂಗಳಿಗೊಮ್ಮೆ ಪಿಎಸ್‌ಎ, ನಡುವೆ ಎಂಆರ್‌ಐ, ವರ್ಷ ಕಳೆದು ಇನ್ನೊಂದು ಬಯಾಪ್ಸಿ. ಅದನ್ನೂ ಇವರ ಕೈಯಲ್ಲೇ ಮಾಡಿಸುತ್ತೇನೆ, ಆದರೆ ಚರ್ಮದ ದಾರಿಯಿಂದ. ಖರ್ಚು ಜಾಸ್ತಿಯಾದರೂ ಅಡ್ಡಿಯಿಲ್ಲ. ಆಸ್ಪತ್ರೆಯ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಮೇಲೆ ಬರೆದದ್ದನ್ನೆಲ್ಲ ಕನ್ನಡದಲ್ಲೇ ಬರೆದು ಕೊಟ್ಟಿದ್ದೇನೆ. ಒಬ್ಬ ಮ್ಯಾನೇಜರ್ ಫೋನ್ ಮಾಡಿ, ಕನ್ನಡದ ಮಾಹಿತಿ ಹಾಳೆ ಮಾಡಿಸುತ್ತೇವೆ ಅಂದಿದ್ದಾರೆ. ಮಾಡಿಸಿದರೆ ಈ ರಿವ್ಯೂವಿಗೆ ಒಂದು ಸ್ಟಾರ್ ಸೇರಿಸುತ್ತೇನೆ.

ಕಾರಿನಲ್ಲಿ ಹೋಗುವವರಿಗೆ: ಬೆಳಗ್ಗೆ ಎಂಟೂವರೆಯ ನಂತರ ಒಳಗೆ ಪಾರ್ಕಿಂಗ್ ಸಿಗುವುದಿಲ್ಲ. ಕ್ಯಾಂಟೀನಿನಲ್ಲಿ ಇಡ್ಲಿ ಪರವಾಗಿಲ್ಲ, ಬನ್ಸ್ ಬೇಡ, ಎಣ್ಣೆ ಹಿಂದಿನ ದಿನದ್ದು.